ಕೊಡಗಿನ ಪಾಲಿಗೆ ಎರಡು ಸ್ವರ

“ಮಾಸ್ತರ್ರ, ನಿಮಗ ಕೊಳಲಿಂದು ಏನರ ಗೊತ್ತದೇನು?” ಎಂದು ಹೆಡ್‌ಮಾಸ್ತರರು ಕೇಳಿದಾಗ ನಾನು ಹಿಂದುಮುಂದು ನೋಡದೆ “ಗೊತ್ತದ್ರಿ” ಎಂದೆ. ಗೊತ್ತಿಲ್ಲ ಎನ್ನುವ ಅಭ್ಯಾಸವನ್ನು ಅಷ್ಟು ಹೊತ್ತಿಗೆ ಬಿಟ್ಟಿದ್ದೆ. ದೋರನಹಳ್ಳಿಯ ನಮ್ಮ ಓಣಿಯಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಬೇರೆ ಸಹಿ ಯಾರಿಗೂ ಬರುತ್ತಿರಲಿಲ್ಲ. ಹೊಲದ ಬದುವಿನ ಜಗಳ, ಎಮ್ಮೆಯ ಕೆಚ್ಚಲು ಬಾವು, ಕೂಸಿನ ಜ್ವರ, ಯಾವುದೇ ಇರಲಿ, ಓಣಿಯವರು ನನ್ನ ಮುಂದೆ ತಂದಿಡುತ್ತಿದ್ದರು. ಗೊತ್ತಿಲ್ಲ ಎಂದರೆ, “ಹಂಗಾದ್ರ ಹೈದರಾಬಾದಿನ್ಯಾಗ ಅಷ್ಟ್ ವರ್ಷ ಏನ್ ಮಾಡ್ದೆಪಾ?” ಎನ್ನುತ್ತಿದ್ದರು.

ಕೊಳಲಿನ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ನಾನಿದ್ದ ಹಾಸ್ಟೆಲಿನ ಗೋಡೆಗೆ ಹತ್ತಿಕೊಂಡೇ ಒಬ್ಬ ಹಾರ್ಮೋನಿಯಂ ಉಸ್ತಾದರ ಮನೆಯಿತ್ತು. ಅವರ ಮನೆಗೆ ನೀರು ಹೊತ್ತು ಹಾಕಿ, ಬದಲಿಗೆ ಪಾಠ ಹೇಳಿಸಿಕೊಂಡಿದ್ದೆ. ರಾಗಗಳ ಲೆಕ್ಕಾಚಾರ ನನಗೆ ಚೆನ್ನಾಗಿ ಬರುತ್ತಿತ್ತು. ಕೊಳಲು ಊದಲು ಬರುತ್ತಿರಲಿಲ್ಲ. ಹೆಡ್‌ಮಾಸ್ತರರು ಊದಲು ಬರುತ್ತದೆಯೇ ಎಂದು ಕೇಳಿರಲೂ ಇಲ್ಲ.

ಅದು ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ನಾನು ಸುರಪುರದ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದೆ. ಕೆಲಸ ತಾತ್ಕಾಲಿಕ. ನಾನು ಓದಿ ಪಾಸಾಗಿದ್ದು ಉರ್ದುವಿನಲ್ಲಿ, ಈಗ ಕಲಿಸಬೇಕಾದದ್ದು ಕನ್ನಡದಲ್ಲಿ. ಇಂಥ ಮಾಸ್ತರರು ಹೊಸ ರಾಜ್ಯಕ್ಕೆ ನಡೆಯುತ್ತಾರೋ ಇಲ್ಲವೋ ಎಂದು ಪರೀಕ್ಷಿಸಲು ಬೆಂಗಳೂರಿನ ಕಡೆಯಿಂದ ವಿದ್ಯಾ ಇಲಾಖೆಯ ಸಾಹೇಬರೊಬ್ಬರು ಬರುವವರಿದ್ದರು. ಅವರು ಒಪ್ಪಿದರೆ ಖಾಯಂ, ಇಲ್ಲದಿದ್ದರೆ ಮನೆ. ನಮ್ಮವ್ವ ಇದ್ಯಾವುದಕ್ಕೂ ಕಾಯಲಿಲ್ಲ. “ನನ್ನ ಮಗ ಖಾಯಂ ಆಗ್ಯಾನ” ಎಂದು ಊರ ಬಾವಿಕಟ್ಟೆಯಲ್ಲಿ ಕೊಬ್ಬರಿ ಸಕ್ಕರೆ ಹಂಚಿಬಿಟ್ಟಿದ್ದಳು. ಖಾಯಂ ಆಗದೆ ದೋರನಹಳ್ಳಿಯ ಬಸ್ಸು ಹತ್ತಲು ನನಗೆ ಮುಖವಿರಲಿಲ್ಲ.

ಸಾಹೇಬರು ಬರುವ ದಿನವೇ ನಮ್ಮ ಶಾಲೆಯಲ್ಲಿ ಏಕೀಕರಣದ ಸಮಾರಂಭ. ಹೆಡ್‌ಮಾಸ್ತರರು ಕುರ್ಚಿಯಿಂದ ಎದ್ದು ಬಾಗಿಲು ಮುಂದಕ್ಕೆ ಮಾಡಿ, ಗುಟ್ಟು ಹೇಳುವವರ ಹಾಗೆ ಹೇಳಿದರು.

“ಶಹಾಪುರದವ್ರು ಕೋಲಾಟ ಇಟ್ಟಾರ. ಯಾದಗಿರಿಯವ್ರು ಕವಾಯತು ಇಟ್ಟಾರ. ನಮ್ದು ಯಾರೂ ಕೇಳಿರಬಾರ್ದು, ಕಂಡಿರಬಾರ್ದು. ಮುಂದ ಒಬ್ಬಾಂವ ಕೂತು ಕೊಳಲ ಊದ್ತಾನ. ಅಂವ ಕನ್ನಡ ತಾಯಿ. ಹಿಂದ ಐದು ಮಂದಿ ಊದ್ತಾರ. ಅವ್ರು ಐದು ಪ್ರಾಂತ. ಮುಂಬೈ, ಹೈದರಾಬಾದ್, ಮದ್ರಾಸ್, ಮೈಸೂರ, ಕೊಡಗು. ಮೊದಲ ಬ್ಯಾರೆ ಬ್ಯಾರೆ ಊದಿ, ಕಡೀಕ ಎಲ್ಲಾರೂ ಒಂದ ಶ್ರುತಿದಾಗ ಕೂಡಬೇಕು. ಸಾಹೇಬ್ರ ಕಣ್ಣಾಗ ನೀರ ಬರಬೇಕು.”

“ಹಾಡು ಯಾವ್ದ್ರಿ?”

“ಹಾಡು ಎಲ್ಲಿ ಅದ? ನೀವ ಕಟ್ರಿ. ಬಿ.ಎ. ಆಗಿಲ್ಲೇನು? ಸಾಹೇಬ್ರು ಖುಷ್ ಆದ್ರ ನಿಮ್ಮ ಖಾಯಂ ಅಲ್ಲೇ ಮುಗೀತು.”

ಖುಷ್ ಆಗದಿದ್ದರೆ ಏನು ಮುಗಿಯುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕನ್ನಡ ತಾಯಿ ಶಹಾಪುರದಲ್ಲಿ ಸಿಕ್ಕರು. ಬಟ್ಟೆ ಅಂಗಡಿಯ ಸಾಹುಕಾರರು, ಮಂಡಿಯ ತನಕ ಹೊಟ್ಟೆ. ಕ್ರಮವಾಗಿ ಕೊಳಲು ಕಲಿತವರು ನಮ್ಮ ಸೀಮೆಗೆಲ್ಲ ಅವರೊಬ್ಬರೇ. ಕೊಳಲನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಗಾದಿಯ ಕೆಳಗೆ ಇಟ್ಟಿರುತ್ತಿದ್ದರು. ಗಿರಾಕಿ ಕಡಿಮೆಯಾದರೆ ಊದುತ್ತಿದ್ದರು, ಊದಿದ್ದಕ್ಕೆ ಗಿರಾಕಿ ಇನ್ನಷ್ಟು ಕಡಿಮೆಯಾಗುತ್ತಿತ್ತು ಎಂದು ಎದುರಿನ ಅಂಗಡಿಯವರು ಹೇಳುತ್ತಿದ್ದರು. ಆದರೆ ಊದುವುದು ನಿಜಕ್ಕೂ ಚೆನ್ನಾಗಿತ್ತು. ನಾನು ವಿಷಯ ತಿಳಿಸಿದೆ. ಅವರು ಬಿಚ್ಚಿದ ಬಟ್ಟೆಯೊಂದನ್ನು ಮಡಚುತ್ತ ಕೇಳಿದರು.

“ತಾಯಿ ಅಂದ್ರ, ಸೀರಿ ಉಟ್ಕೋಬೇಕೇನ್ರಿ ಮಾಸ್ತರ್ರ?”

“ಬ್ಯಾಡ್ರಿ ಸಾವ್ಕಾರ್ರ.”

“ಅಂಗಡ್ಯಾಗ ಇಳಕಲ್ ಸೀರಿ ಹೊಸಾವು ಬಂದಾವ, ಅದಕ್ಕ ಕೇಳಿದ್ನಿ.”

ಐದು ಪ್ರಾಂತಗಳಿಗಾಗಿ ದೇವಾಪುರಕ್ಕೆ ಹೋದೆ. ಕೊಳಲು ಊದುವವರು ಐದು ಮಂದಿ ಒಂದೇ ಕಡೆ ಸಿಗುವುದೆಂದರೆ ಅಲ್ಲಿಯ ಕುರಿಗಾರರು ಮಾತ್ರ. ಅವರಲ್ಲಿ ಮುಂದಾಳು ಒಬ್ಬ ದೊಡ್ಡ ಮೀಸೆಯವ. ಅವನ ದನಿ ಇನ್ನೊಂದು ಹೊಲದಲ್ಲಿದ್ದವರಿಗೆ ಹೇಳುವಷ್ಟು ದೊಡ್ಡದು, ಪಕ್ಕದಲ್ಲಿ ಕೂತವರಿಗೂ ಅದೇ ದನಿ.

“ನಾ ಯಾವ ಪ್ರಾಂತ್ರಿ?”

“ನೀ ಕೊಡಗು.”

“ಕೊಡಗ ಎಲ್ಲಿ ಐತ್ರಿ?”

“ದಕ್ಷಿಣಕ್ಕ. ಗುಡ್ಡ, ಮಳಿ ಭಾಳ.”

“ಮೇವ ಇರಬೇಕಲ್ರಿ ಹಂಗಾದ್ರ?”

“ಬೇಕಾದಷ್ಟು.”

“ನಂದು ಕೊಡಗ!” ಎಂದು ಅವನು ಉಳಿದ ನಾಲ್ವರತ್ತ ಗೆದ್ದವನ ಹಾಗೆ ನೋಡಿದ. ಮದ್ರಾಸು ಪಾಲಿಗೆ ಬಂದವನು ಅಂದಿನಿಂದಲೇ ಮುಖ ಗಂಟು ಹಾಕಿಕೊಂಡ.

ನಾನು ಕೋಣೆಯಲ್ಲಿ ಶಾಲೆಯ ಹಾರ್ಮೋನಿಯಂ ಇಟ್ಟುಕೊಂಡು ಕೂತೆ. ಭೂಪ ರಾಗ ಆರಿಸಿದೆ. ಸ, ರಿ, ಗ, ಪ, ಧ, ಐದೇ ಸ್ವರ. ಐದು ಪ್ರಾಂತಕ್ಕೆ ಐದು ಸ್ವರ ಎಂದು ಭಾಷಣದಲ್ಲಿ ಹೇಳಿಕೊಳ್ಳಲೂ ಚೆಂದ. ಮೊದಲು ಸಾಹುಕಾರರು ಒಬ್ಬರೇ ನಿಧಾನವಾಗಿ ರಾಗ ಬಿಚ್ಚಬೇಕು. ಆಮೇಲೆ ಅವರೊಂದು ಸಾಲು ಊದಿದರೆ ಒಂದೊಂದು ಪ್ರಾಂತ ಅದಕ್ಕೆ ಉತ್ತರ ಕೊಡಬೇಕು. ಆಮೇಲೆ ಎರಡೆರಡು ಕೂಡಿ, ಕೊನೆಗೆ ಆರೂ ಕೊಳಲು ಒಂದಾಗಬೇಕು. ಬರೆದದ್ದನ್ನು ಹಾರ್ಮೋನಿಯಂ ಮೇಲೆ ನುಡಿಸಿ ನೋಡಿದೆ. ಸಾಹೇಬರ ಕಣ್ಣಿಗೆ ಮುಂಚೆ ನನ್ನ ಕಣ್ಣಲ್ಲೇ ನೀರು ಬಂತು.

ಮೊದಲ ತಾಲೀಮು ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ. ಸಾಹುಕಾರರು ಮೊದಲ ಸಾಲು ಊದಿದರು. ಮುಂಬೈ ಉತ್ತರ ಕೊಟ್ಟಿತು. ಸಾಹುಕಾರರು ಹಲ್ಲು ನೋವು ಬಂದವರ ಹಾಗೆ ದವಡೆ ಹಿಡಿದುಕೊಂಡರು. ಮೈಸೂರು ಕೊಟ್ಟಿತು, ಹೈದರಾಬಾದು ಕೊಟ್ಟಿತು. ಐದೂ ಒಟ್ಟಿಗೆ ಊದಿದಾಗ ಗಿಡದ ಮೇಲಿನ ಕಾಗೆಗಳು ಎದ್ದು ಹೋದವು, ಏಳನೆಯ ಇಯತ್ತೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

“ಮಾಸ್ತರ್ರ, ಇವ್ರದು ಒಬ್ಬೊಬ್ಬರದು ಒಂದೊಂದ ಊರಾಗ ಅದ,” ಎಂದರು ಸಾಹುಕಾರರು. “ನಾ ಶಹಾಪುರದಾಗ ಅದೀನಿ, ಇಂವ ಗುರುಮಠಕಲ್ಲಿನ್ಯಾಗ ಅದಾನ. ಆ ಮೀಸಿಯಾಂವ ಎಲ್ಲಿ ಅದಾನೋ ದೇವ್ರಿಗೇ ಗೊತ್ತು.”

“ಕೊಡಗಿನ್ಯಾಗ ಅದೀನ್ರಿ,” ಎಂದ ಮೀಸೆಯವ.

ಹಾರ್ಮೋನಿಯಂಗೆ ಹೋಲಿಸಿ ಒಂದೊಂದೇ ಕೊಳಲು ಪರೀಕ್ಷಿಸಿದೆ. ಕಾರಣ ಸುಲಭವಾಗಿತ್ತು. ಅವರು ಕೊಳಲನ್ನು ಅಂಗಡಿಯಲ್ಲಿ ಕೊಂಡವರಲ್ಲ. ತಮಗೆ ಸಿಕ್ಕ ಬಿದಿರನ್ನು ತಮ್ಮ ತಮ್ಮ ಬೆರಳಿನ ಅಳತೆಗೆ ತೂತು ಕೊರೆದು ಮಾಡಿಕೊಂಡದ್ದು. ದಪ್ಪ ಬೆರಳಿನವನ ‘ಸ’ ಒಂದು ಕಡೆ, ಸಣ್ಣ ಬೆರಳಿನವನ ‘ಸ’ ಇನ್ನೊಂದು ಕಡೆ. ಮೀಸೆಯವನ ‘ಸ’ ಅಂತೂ ಹಾರ್ಮೋನಿಯಂನ ಬಿಳಿ ಪಟ್ಟಿಗೂ ಕರಿ ಪಟ್ಟಿಗೂ ನಡುವಿನ ಸಂದಿಯಲ್ಲಿ ಹೋಗಿ ಕೂತಿತ್ತು.

ಓದಿದವನಿಗೆ ಪರಿಹಾರ ಕಷ್ಟವಾಗಲಿಲ್ಲ. ಗುರುಮಠಕಲ್ಲಿನಲ್ಲಿ ಕೊಳಲು ಮಾಡುವವನೊಬ್ಬನಿದ್ದ. ಬಸ್ಸು ಹಿಡಿದು ಹೋಗಿ, ಸಾಹುಕಾರರ ಶ್ರುತಿಗೆ ಸರಿಯಾಗಿ ಐದು ಕೊಳಲು ಕೊರೆಸಿದೆ. ಅವನು ಐದನ್ನೂ ಸಾಲಾಗಿ ಊದಿ ತೋರಿಸಿ, “ಅನ್ನೀ ಒಕಟೇ, ಪಂತುಲೂ!” ಎಂದು ತೆಲುಗಿನಲ್ಲಿ ಹೇಳಿದ. ಎಲ್ಲವೂ ಒಂದೇ, ಮಾಸ್ತರರೇ ಎಂದು. ನನ್ನ ಕಿವಿಗೆ ತುಪ್ಪ ಬಿದ್ದ ಹಾಗಾಯಿತು. ಹೊಸ ಕೊಳಲು ಕುರಿಗಾರರ ಕೈಗೆ ಕೊಟ್ಟು, “ಹಳೇವು ಮನ್ಯಾಗ ಇಡ್ರಿ. ಕುರಿ ಮೇಸೂ ಹೊತ್ತಿನ್ಯಾಗ ಇವನ್ನ ಊದಿ ರೂಢಿ ಮಾಡ್ಕೋರಿ” ಎಂದು ಕಳಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಹೊಸ ಕೊಳಲು ಹಳದಿಯಾಗಿ ಫಳಫಳ ಹೊಳೆಯುತ್ತಿತ್ತು, ಕೊಟ್ಟವನು ಬಿ.ಎ. ಮಾಸ್ತರ. ತೆಗೆದುಕೊಂಡು ಹೋದರು.

ಮರುದಿನ ಮೊದಲ ತಾಸು ಮುಗಿಯುವ ಮುಂಚೆ ಮೀಸೆಯವನ ಹೆಂಡತಿ ಶಾಲೆಯ ಅಂಗಳದಲ್ಲಿದ್ದಳು.

“ಎಲ್ಲದಾನ ಆ ಬೀಯೇ ಮಾಸ್ತರ?”

ನಾನು ಹೆಡ್‌ಮಾಸ್ತರರ ಕೋಣೆಗೆ ಹೋಗುವಷ್ಟರಲ್ಲಿ ಐದು ಹೊಸ ಕೊಳಲು ಅವಳ ಸೆರಗಿನಿಂದ ಅವರ ಮೇಜಿನ ಮೇಲೆ ಬಿದ್ದಿದ್ದವು.

“ಏನಾತವಾ?” ಎಂದರು ಹೆಡ್‌ಮಾಸ್ತರರು.

“ಏನಾಗಬೇಕ್ರಿ? ನಿನ್ನಿ ಸಂಜೀಕ ಐದೂ ಮಂದಿ ಇದನ್ನ ಊದ್ಯಾರ. ಐದೂ ಹಿಂಡು ಒಂದ ಕಡಿ ಬಂದು ನಿಂತಾವ. ನಮ್ಮ ಕುರಿ ಯಾವು, ಅವ್ರವು ಯಾವು, ಒಂದೂ ತಿಳೀವಲ್ದು. ಮರಿ ಒಂದ ಕಡಿ, ತಾಯಿ ಒಂದ ಕಡಿ ಒದರಾಕತ್ತಾವ. ಊರ ಮಂದೆಲ್ಲ ಕಿವೀಗೆ ಕೈ ಇಟ್ಕೊಂಡು ಕುಂತಾರ.”

ಆಗ ನನಗೆ ವಿಷಯ ತಿಳಿಯಿತು. ನಮ್ಮದು ಎತ್ತು ಕಟ್ಟಿದ ಮನೆ, ಕುರಿಯ ರೀತಿ ನನಗೇನು ಗೊತ್ತು? ಐದು ಹಿಂಡು ಒಂದೇ ಬಯಲಿನಲ್ಲಿ ಮೇಯುತ್ತವೆ. ಸಂಜೆ ಒಬ್ಬೊಬ್ಬ ತನ್ನ ಕೊಳಲಿನಲ್ಲಿ ಕರೆದರೆ ಅವನವನ ಹಿಂಡು ಅವನ ಹಿಂದೆ ಬರುತ್ತದೆ. ಅವು ಹೋಗುವುದು ಕೊಳಲಿನ ದನಿಯ ಮೇಲೆ. ನಾನು ಐದಕ್ಕೂ ಒಂದೇ ದನಿ ಕೊರೆಸಿ ಕೊಟ್ಟಿದ್ದೆ.

“ಸರಕಾರದವ್ರು ಪ್ರಾಂತ ಕೂಡಿಸ್ಲಿ, ಯಾರ್ ಬ್ಯಾಡಂದ್ರು?” ಎಂದಳು ಅವಳು. “ನಮ್ಮ ಕುರಿ ಯಾಕ ಕೂಡಸ್ತೀರಿ?”

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿದರು. “ಏಕೀಕರಣದಾಗ ಸಣ್ಣಪುಟ್ಟ ತ್ರಾಸ ಇರ್ತಾವವಾ. ಅಡ್ಜಸ್ಟ್ ಆಗ್ತಾವ.”

“ಹಂಗಾದ್ರ ಬಂದು ನೀವ ಬಿಡಸ್ರಿ.”

ಬಿಡಿಸಲು ನಾನು ಹೋದೆ. ಕುರಿಗಳ ಕಿವಿಗೆ ಅವರವರ ಮನೆಯ ಗುರುತಿನ ಕಚ್ಚು ಹಾಕಿರುತ್ತಾರೆ. ಒಂದೊಂದನ್ನೇ ಹಿಡಿದು, ಕಿವಿ ಮಡಚಿ ನೋಡಿ, ಎತ್ತ ಸೇರಿದ್ದೋ ಅತ್ತ ನೂಕಬೇಕು. ನಾನು ಹಿಡಿದದ್ದು ಮುಗಿಯುವಷ್ಟರಲ್ಲಿ ನೂಕಿದ್ದು ತಿರುಗಿ ಬರುತ್ತಿತ್ತು. ಗುಂಪಿಗೆ ಸೇರದೆ ದೂರದ ದಿಬ್ಬದ ಮೇಲೆ ಒಂದೇ ಒಂದು ಟಗರು ನಿಂತಿತ್ತು. ಎಡಗೋಡು ಸೊಟ್ಟ. ಹಿಂದಿನ ಸಂಜೆಯಿಂದ ಹೊಸ ಕೊಳಲಿಗೆ ಅದು ಹೆಜ್ಜೆ ಎತ್ತಿಟ್ಟಿರಲಿಲ್ಲವಂತೆ. ಮೀಸೆಯವ ಮನೆಯಿಂದ ತನ್ನ ಹಳೆಯ ಕೊಳಲು ತರಿಸಿ ಎರಡೇ ಸ್ವರ ಊದಿದ. ಮೇಲಿಂದ ಕೆಳಕ್ಕೆ ಇಳಿಯುವ ಎರಡು ಸ್ವರ. ಟಗರು ದಿಬ್ಬದಿಂದ ಓಡಿ ಬಂತು. ದಾರಿಯಲ್ಲಿ ನಾನು ಬಗ್ಗಿ ಯಾವುದೋ ಕುರಿಯ ಕಿವಿ ನೋಡುತ್ತಿದ್ದೆ. ಹಿಂದಿನಿಂದ ನನ್ನನ್ನು ಎತ್ತಿ ಒಗೆದು ಮುಂದಕ್ಕೆ ಹೋಯಿತು.

“ಅದ್ರ ಚಾಳೀನ ಹಂಗರಿ ಮಾಸ್ತರ್ರ,” ಎಂದ ಮೀಸೆಯವ ನನ್ನನ್ನು ಎಬ್ಬಿಸುತ್ತ. “ದಾರ್ಯಾಗ ಯಾರ ಅಡ್ಡ ಬಂದ್ರೂ ಹಾಯತೈತಿ. ಸಂತಿಗೆ ಹೊಡೀಬೇಕು ಅದನ್ನ.”

ಉಳಿದವರೂ ಹಳೆಯ ಕೊಳಲು ತರಿಸಿ ಊದಿದ ಮೇಲೆಯೇ ಹಿಂಡುಗಳು ಬೇರೆಯಾದವು. ಕುಳಿತುಕೊಳ್ಳಲು ಆಗದ ಸ್ಥಿತಿಯಲ್ಲಿ, ಕೋಣೆಯಲ್ಲಿ ನಿಂತುಕೊಂಡೇ ಯೋಚಿಸಿದೆ. ಹೊಸ ಕೊಳಲು ಇನ್ನು ಮುಟ್ಟುವುದಿಲ್ಲ ಎಂದು ಐದೂ ಜನ ಹೇಳಿಯಾಗಿತ್ತು. ಹಳೆಯವು ಒಂದಕ್ಕೊಂದು ಸೇರುವುದಿಲ್ಲ. ಸಾಹೇಬರು ಬರುವ ದಿನ ಹತ್ತಿರವಾಗುತ್ತಿತ್ತು. ಹೆಡ್‌ಮಾಸ್ತರರು ಆಗಲೇ, “ಕೋಲಾಟದ ಕೋಲು ಎಷ್ಟಕ್ಕ ಸಿಗ್ತಾವ?” ಎಂದು ಯಾರನ್ನೋ ವಿಚಾರಿಸುತ್ತಿದ್ದರು. ಕೋಲಾಟ ಹಾಕಿದರೆ ಅದರಲ್ಲಿ ನನ್ನದೇನಿರುತ್ತದೆ?

ಹಾರ್ಮೋನಿಯಂನ ಮೇಲೆ ಸುಮ್ಮನೆ ಭೂಪದ ಐದು ಸ್ವರ ಒತ್ತುತ್ತ ನಿಂತಿದ್ದಾಗ ಉಸ್ತಾದರ ಒಂದು ಆಟ ನೆನಪಿಗೆ ಬಂತು. ಅವರು ಭೂಪ ನುಡಿಸುತ್ತ, ಬೆರಳು ಅವೇ ಐದು ಪಟ್ಟಿ ಬಿಟ್ಟು ಕದಲದೆ, ‘ಪ’ವನ್ನೇ, ಅಂದರೆ ಪಂಚಮವನ್ನೇ, ‘ಸ’ ಎಂದು ಹಿಡಿದು ನುಡಿಸತೊಡಗುತ್ತಿದ್ದರು. ಕೂಡಲೇ ಅದು ದುರ್ಗಾ ರಾಗವಾಗುತ್ತಿತ್ತು. ‘ಗ’ದಿಂದ, ಅಂದರೆ ಗಾಂಧಾರದಿಂದ, ಹಿಡಿದರೆ ಮಾಲಕಂಸ. ಪಟ್ಟಿ ಅವೇ, ಎಲ್ಲಿಂದ ಎಣಿಸುತ್ತೀರಿ ಎನ್ನುವುದಷ್ಟೇ ಬೇರೆ. ಹಾಗಾದರೆ ಎಲ್ಲರನ್ನೂ ಸಾಹುಕಾರರ ‘ಸ’ದ ಮೇಲೆ ತಂದು ಕೂಡಿಸುವ ಗರಜೇ ಇಲ್ಲ. ಒಬ್ಬೊಬ್ಬನ ‘ಸ’ ಎಲ್ಲಿದೆಯೋ ಅಲ್ಲಿಯೇ ಇರಲಿ. ಅವನು ಅಲ್ಲಿಂದ ಊದುವ ರಾಗವನ್ನು ನಾನು ಬದಲಿಸಿದರಾಯಿತು.

ನಾನು ಬರೆದದ್ದನ್ನೆಲ್ಲ ಹರಿದು ಹಾಕಿ ಹೊಸದಾಗಿ ಶುರು ಮಾಡಿದೆ. ಇದು ನನ್ನ ಬುದ್ಧಿಯಿಂದಲೇ ಆದ ಕೆಲಸ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನೀರು ಹೊತ್ತು ಕಲಿತ ಪಾಠ ಅದು.

ಮುಂಬೈಯವನ ‘ಸ’ ಸಾಹುಕಾರರ ಪಂಚಮದ ಮೇಲೆ ಬರುತ್ತಿತ್ತು. ಅವನಿಗೆ ದುರ್ಗಾ ಕೊಟ್ಟೆ. ಹೈದರಾಬಾದಿನವನದು ಗಾಂಧಾರದ ಮೇಲೆ. ಅವನಿಗೆ ಮಾಲಕಂಸ. ಮೈಸೂರಿನವನದು ಚೋಟುದ್ದದ ಕೊಳಲು, ಸಾಹುಕಾರರ ಸ್ವರವೇ ಮೇಲಿನ ಸ್ಥಾಯಿಯಲ್ಲಿ. ಅವನಿಗೆ ಭೂಪವೇ ಇರಲಿ ಎಂದೆ. ಮದ್ರಾಸಿನವನ ಕೊಳಲಿನಲ್ಲಿ ಒಂದೇ ಸ್ವರ ಎಲ್ಲರೊಂದಿಗೆ ಸೇರುತ್ತಿತ್ತು. ಅದನ್ನೇ ಉದ್ದಕ್ಕೂ ಹಿಡಿದು ನಿಲ್ಲಿಸಲು ಹೇಳಿದೆ. ಮೊದಲೇ ಮುನಿಸಿಕೊಂಡಿದ್ದವನಿಗೆ ಇದು ಅವಮಾನವಾಯಿತು.

“ಎಲ್ಲಾರಿಗೂ ಹಾಡ, ನನಗೊಂದ ದನಿ?”

“ನೀ ನಿಂದ್ರಸಿದ್ರ ಎಲ್ಲಾರದೂ ನಿಂದ್ರತದಪಾ.” ಅದು ತಂಬೂರಿಯ ಕೆಲಸ ಎಂದು ತಿಳಿಸಿ ಹೇಳಿದೆ. ಸ್ವಲ್ಪ ಸಮಾಧಾನವಾಯಿತು.

ಉಳಿದವನು ಮೀಸೆಯವ. ಅವನ ಕೊಳಲು ಯಾವ ಲೆಕ್ಕಕ್ಕೂ ಸಿಗಲಿಲ್ಲ. ಸಂದಿಯಲ್ಲಿ ಕೂತ ‘ಸ’ ಯಾರ ಜೊತೆಗೆ ಊದಿದರೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವನನ್ನು ಬಿಡುವಂತಿಲ್ಲ, ಕೊಡಗಿಲ್ಲದ ರಾಜ್ಯ ಸಾಹೇಬರಿಗೆ ತೋರಿಸಲಾದೀತೇ? ಯಾರ ಜೊತೆಗೂ ಸೇರದವನನ್ನು ಒಬ್ಬನನ್ನೇ ಊದಿಸಬೇಕು ಎಂದು ನಿರ್ಧರಿಸಿದೆ. ಕೊನೆಗೆ ಎಲ್ಲರೂ ನಿಲ್ಲಿಸುತ್ತಾರೆ. ಸಾಹುಕಾರರು ಮೇಲಿನಿಂದ ಸರಸರನೆ ಒಂದು ತಾನ, ಸ್ವರಗಳ ಒಂದು ಓಟ, ಇಳಿಸಿ, ‘ಸ’ಕ್ಕೆ ಬರುವ ಮುಂಚೆ ಒಂದು ಉಸಿರು ತಡೆಯಬೇಕು. ಆ ಖಾಲಿಯಲ್ಲಿ ಮೀಸೆಯವ ತನ್ನ ಎರಡು ಸ್ವರ, ಕುರಿ ಕರೆಯುವ ಎರಡೇ ಸ್ವರ, ಊದಬೇಕು. ಅದು ಆರಿದ ಮೇಲೆ ಸಾಹುಕಾರರ ಕೊನೆಯ ‘ಸ’, ಮೆತ್ತಗೆ, ಉದ್ದಕ್ಕೆ. ಅಲ್ಲಿಗೆ ಮುಗಿಯಿತು. ಇಡೀ ರಚನೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ ಕೊನೆ.

ತಾಲೀಮಿನಲ್ಲಿ ಉಳಿದದ್ದೆಲ್ಲ ಬಂತು. ನಾನು ಬಾಯಿಯಲ್ಲಿ ಹೇಳಿದ್ದನ್ನು ಕುರಿಗಾರರು ಬೇಗ ಹಿಡಿದರು. ಮುಂಬೈಯೂ ಮೈಸೂರೂ ಯಾರು ಮೊದಲು ಉತ್ತರ ಕೊಡಬೇಕೆಂದು ಜಗಳಾಡಿ ಒಮ್ಮೆ ಕೊಳಲಿನಿಂದಲೇ ಬಡಿದಾಡಿದರು, ಅದನ್ನೂ ಬಗೆಹರಿಸಿದೆ. ಕೊನೆ ಮಾತ್ರ ಬರಲಿಲ್ಲ. ಸಾಹುಕಾರರು ಉಸಿರು ತಡೆಯುತ್ತಿರಲಿಲ್ಲ.

“ಕಡೀಕ ಆ ಕುರಿ ಕರಿಯೂ ದನಿ ಯಾಕ್ರಿ? ಮಂದಿ ಅದನ್ನ ನೆನಪಿಟ್ಕೊಂಡು ಹೋಗ್ತಾರ. ನಾ ಇಷ್ಟೊತ್ತು ಊದಿದ್ದು ಎಲ್ಲಿಗೆ ಹೋತು?”

“ಕಡೀ ದನಿ ನಿಮ್ದಽ ಅದ ಸಾವ್ಕಾರ್ರ.”

“ನಂದು ಕೇಳೂತನಕ ಇವನದ ಕಿವ್ಯಾಗ ಇರ್ತದ.”

ಅವರು ತಾನವನ್ನು ನಿಲ್ಲಿಸದೆ ‘ಸ’ದ ಮೇಲೆ ಬಂದು ಬೀಳುತ್ತಿದ್ದರು. ಮೀಸೆಯವ ಸಿಟ್ಟಿನಿಂದ ಅದರ ಮೇಲೆಯೇ ಊದುತ್ತಿದ್ದ. ಒಂದು ದಿನವೂ ಆ ಕೊನೆ ನಾನು ಬರೆದ ಹಾಗೆ ಕೇಳಿಸಲಿಲ್ಲ. “ಆ ದಿನ ನೋಡ್ರಿ, ಮಾಡೂಣು” ಎಂದು ಸಾಹುಕಾರರು ತೇಲಿಸಿದರು. ಇದರ ನಡುವೆ ಮೀಸೆಯವ ಒಂದು ತಾಲೀಮಿಗೆ ಬಹಳ ತಡವಾಗಿ ಬಂದ. ಸಂತೆಗೆ ಹೋಗಿದ್ದನಂತೆ, ಸೊಟ್ಟ ಕೋಡಿನ ಟಗರನ್ನು ಕೊಟ್ಟು ಬಂದನಂತೆ. ಅಂದು ಅವನ ದನಿ ಪಕ್ಕದವರಿಗಷ್ಟೇ ಕೇಳುವ ಹಾಗಿತ್ತು. ನನಗೆ ಹಿಂದಿನ ನೋವು ನೆನಪಾಗಿ, ಒಳ್ಳೆಯದೇ ಆಯಿತು ಎಂದುಕೊಂಡೆ.

ಸಾಹೇಬರು ಯಾದಗಿರಿಯಲ್ಲಿ ರೈಲು ಇಳಿದು, ಜೀಪಿನಲ್ಲಿ ಧೂಳು ತಿಂದು, ಮಧ್ಯಾಹ್ನ ಸುರಪುರ ಮುಟ್ಟಿದರು. ತೆಳ್ಳನೆಯ ಮನುಷ್ಯ, ಮೆತ್ತನೆಯ ಮಾತು. ಸ್ವಾಗತ ಸಮಿತಿಯವರು ಭಾರಿ ಏರ್ಪಾಟು ಮಾಡಿದ್ದರು. ಹಂದರ, ಮೈಕು, ಸಂಜೆಗೆ ಸಾಹೇಬರಿಗೆ ಮಾಂಸದೂಟ. ಭಾಷಣಗಳು ಮುಗಿದ ಮೇಲೆ ನಮ್ಮ ಸರದಿ ಬಂತು. ಹೆಡ್‌ಮಾಸ್ತರರು ಮೈಕಿನಲ್ಲಿ ಪ್ರಾಂತಗಳ ಪರಿಚಯ ಮಾಡಿಕೊಟ್ಟರು. ಕೊಡಗು ಎಂದಾಗ ಮೀಸೆಯವ ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈ ಮುಗಿದ.

ಸಾಹುಕಾರರು ಊದತೊಡಗಿದರು. ಅಂಗಡಿಯ ಗಾದಿಯ ಮೇಲೆ ಊದಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಊದಿದರು. ಮುಂಬೈ ದುರ್ಗಾದಿಂದ ಉತ್ತರ ಕೊಟ್ಟಿತು, ಹೈದರಾಬಾದು ಮಾಲಕಂಸದಿಂದ. ಮದ್ರಾಸು ಕದಲದೆ ನಿಂತಿತ್ತು. ನಾಲ್ಕೂ ಬೇರೆ ಬೇರೆ ಕಡೆಯಿಂದ ಹೊರಟು ಸಾಹುಕಾರರ ಭೂಪಕ್ಕೆ ಬಂದು ಸೇರಿದಾಗ, ಮುಂದಿನ ಸಾಲಿನಲ್ಲಿ ಸಾಹೇಬರು ಬೆನ್ನು ನೆಟ್ಟಗೆ ಮಾಡಿ ಕೂತರು. ಮಂದಿ ಕೆಮ್ಮುವುದನ್ನು ನಿಲ್ಲಿಸಿದ್ದರು. ಕಂಬದ ಮರೆಯಲ್ಲಿ ನಿಂತು ನಾನು ಬೆರಳ ಮೇಲೆ ತಾಳ ಎಣಿಸುತ್ತಿದ್ದೆ. ಸಾಹುಕಾರರು ಕೊನೆಯ ತಾನ ಇಳಿಸಿದರು. ಇಳಿಸಿ, ಯಾವ ದೇವರು ಬುದ್ಧಿ ಕೊಟ್ಟನೋ, ಉಸಿರು ತಡೆದರು.

ಮೀಸೆಯವ ಎರಡು ಸ್ವರ ಊದಿದ.

ಶಾಲೆಯ ಹಿಂದಿನಿಂದ ಏನೋ ಹರಿದ ಸಪ್ಪಳ ಬಂತು. ಹಿಂದೆಯೇ ಯಾರೋ “ಹಿಡೀರಿ, ಹಿಡೀರಿ!” ಎಂದು ಕೂಗಿದರು. ಮೂರು ಮಾರು ಹಗ್ಗ ಎಳೆದುಕೊಂಡು, ಹಂದರದ ನಡುದಾರಿಯಲ್ಲಿ, ಕುರ್ಚಿಗಳನ್ನು ಎಡಕ್ಕೂ ಬಲಕ್ಕೂ ಕೆಡವುತ್ತ, ಸೊಟ್ಟ ಕೋಡಿನ ಟಗರು ಬಂತು. ಮೆಟ್ಟಿಲು ಹತ್ತಿತು. ಅದರ ದಾರಿಗೆ ಅಡ್ಡ ಇದ್ದವರು ಕನ್ನಡ ತಾಯಿ. ಸಾಹುಕಾರರು ಆ ಹೊಟ್ಟೆ ಹೊತ್ತುಕೊಂಡು, ಕೊಳಲನ್ನು ತಲೆಯ ಮೇಲೆ ಎತ್ತಿ ಹಿಡಿದು, ಅಧ್ಯಕ್ಷರ ಮೇಜಿನ ಮೇಲೆ ಹೇಗೆ ಹತ್ತಿದರೋ ಯಾರಿಗೂ ಗೊತ್ತಿಲ್ಲ. ಟಗರು ನೇರ ಮೀಸೆಯವನ ಹತ್ತಿರ ಹೋಗಿ, ಅವನ ಮಂಡಿಗೆ ತಲೆ ಒರಗಿಸಿ ನಿಂತಿತು.

ಹೆಡ್‌ಮಾಸ್ತರರು ಮೈಕು ಹಿಡಿದು, “ಇದು ಕೊಡಗು ಪ್ರಾಂತದ ಪ್ರಾಣಿಸಂಪತ್ತು!” ಎಂದು ಘೋಷಿಸಿದರು. ಚಪ್ಪಾಳೆ ಹಂದರ ಹಾರುವಷ್ಟು ಬಿತ್ತು. ಮೇಜಿನಿಂದ ಇಳಿಯಲು ಒದ್ದಾಡುತ್ತಿದ್ದ ಸಾಹುಕಾರರ ಕೊನೆಯ ‘ಸ’ ಅಂದು ಬರಲೇ ಇಲ್ಲ.

ಸಾಹೇಬರು ವೇದಿಕೆ ಹತ್ತಿ ಬಂದು ಮೀಸೆಯವನನ್ನು ಕೇಳಿದರು. “ಈ ಟಗರು ನಿಮ್ಮದೇನಪ್ಪಾ?”

“ಹೋದ ಸಂತಿ ತನಕ ನಂದ ಇತ್ರಿ. ಈಗ ಯಾರದೋ ಏನೋ.” ಅವನ ಕೈ ಅದರ ಕಿವಿಯ ಮೇಲಿತ್ತು.

“ಮತ್ತೆ ಇಲ್ಲಿಗೆ ಹೇಗೆ ಬಂತು?”

ಸ್ವಾಗತ ಸಮಿತಿಯವರು ಒಬ್ಬರ ಹಿಂದೆ ಒಬ್ಬರು ಸರಿದರು. ಕೊನೆಗೆ ಹಿಂದೆ ಸರಿಯಲು ಜಾಗವಿಲ್ಲದವನೊಬ್ಬ, “ತಮ್ಮ ಸಂಜೀ ಊಟದ್ದುರಿ, ಸಾಹೇಬ್ರ” ಎಂದ.

ಸಾಹೇಬರು ಟಗರನ್ನು ನೋಡಿದರು. ಅದೂ ಅವರನ್ನು ನೋಡಿತು. “ನನಗೆ ರಾತ್ರಿಗೆ ರೊಟ್ಟಿ ಪಲ್ಯ ಸಾಕು,” ಎಂದರು. “ಇದನ್ನ ಇವರ ಜೊತೆಗೇ ಕಳಿಸಿಬಿಡಿ.”

ಸಮಾರಂಭ ಮುಗಿದ ಮೇಲೆ ನನಗೆ ಕರೆ ಬಂತು. ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತು, “ಊಟ ಹಾಳ ಮಾಡಿದ್ರಿ, ಇನ್ನ ನಿಮ್ಮ ನಸೀಬು” ಎಂದು ಪಿಸುಗುಟ್ಟಿದರು. ದೋರನಹಳ್ಳಿಯ ಬಾವಿಕಟ್ಟೆ ನನ್ನ ಕಣ್ಣ ಮುಂದೆ ಬಂತು.

“ನೀವು ಓದಿದ್ದು ಉರ್ದುವಿನಲ್ಲಂತೆ?” ಎಂದರು ಸಾಹೇಬರು.

“ಹೌದ್ರಿ.”

“ಕನ್ನಡದಲ್ಲಿ ಹೇಳಿದ್ದು ಮಕ್ಕಳಿಗೆ ಅರ್ಥವಾಗುತ್ತೆ ಅಂತ ನಿಮಗೆ ನಂಬಿಕೆ ಇದೆಯೇ?”

ಎಷ್ಟೋ ವರ್ಷಗಳ ಮೇಲೆ ನಾನು ಗೊತ್ತಿಲ್ಲ ಎನ್ನುವವನಿದ್ದೆ. ಅಷ್ಟರಲ್ಲಿ ಅವರೇ ನಕ್ಕರು.

“ಹೋಗಲಿ ಬಿಡಿ. ಕುರಿಗೇ ಅರ್ಥವಾಗೋ ಹಾಗೆ ಬರೆದಿದ್ದೀರಿ. ಹುಡುಗರಿಗೆ ತಿಳಿಸೋದು ಎಷ್ಟರ ಮಾತು?”

ಅಂದೇ ಖಾಯಂ ಆಯಿತು. ಅವ್ವನಿಗೆ ಸುದ್ದಿ ಹೇಳಿದರೆ, “ಅದ ಹಳೇ ಮಾತಲ್ಲೇನೋ?” ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾಹುಕಾರರು ಮುಗಿಸಲು ಬಿಡಲಿಲ್ಲ. ಟಗರು ಬಂದದ್ದು ತಮ್ಮ ತಾನಕ್ಕೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದರು. “ಭೂಪ ಹಂಗ ಊದಿದ್ರ ಪ್ರಾಣಿ ಸುದ್ದಾ ತಡ್ಕೋಣಿಲ್ಲ. ಆ ಮೀಸಿಯಾಂವ ನಡುವ ಬಾಯಿ ಹಾಕ್ದ, ಅಷ್ಟ.” ಈ ಮಾತು ದೇವಾಪುರಕ್ಕೆ ಮುಟ್ಟಿತು. ದೇವಾಪುರದಿಂದ ಉತ್ತರವೂ ಬಂತು. “ಹಂಗಾದ್ರ ಬಂದು ಊದಿ ಕರೀಲಿ, ನೋಡೂಣು.”

ಸಾಹುಕಾರರು ಮಾತಿಗೆ ತಪ್ಪುವವರಲ್ಲ. ಒಂದು ಬೆಳಗ್ಗೆ ಬಸ್ಸಿಳಿದು, ರೇಷ್ಮೆ ಬಟ್ಟೆಯ ಕೊಳಲು ಹಿಡಿದು ಬಂದರು. ನಾನು ತೀರ್ಪು ಹೇಳುವವನು. ಟಗರು ದೂರದ ಜಾಲಿ ಗಿಡದ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಸಾಹುಕಾರರು ಬದುವಿನ ಮೇಲೆ ಕೂತು ಭೂಪ ಆರಂಭಿಸಿದರು. ಟಗರು ಮೆಲುಕು ಹಾಕಿತು. ಮಧ್ಯ ಲಯಕ್ಕೆ ಬಂದರು. ಟಗರು ಮುಖ ಆಚೆ ತಿರುಗಿಸಿತು. ಸಾಹುಕಾರರ ಹಣೆಯಿಂದ ಬೆವರು ಇಳಿಯುತ್ತಿತ್ತು. ಸುತ್ತ ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಆ ದೊಡ್ಡ ಮುಖ ಸಣ್ಣದಾಗುತ್ತ ಬಂದದ್ದನ್ನು ನೋಡಿ ನನಗೂ ಕೆಡುಕೆನಿಸಿತು.

ಮೀಸೆಯವ ನನ್ನ ಪಕ್ಕದಲ್ಲೇ ಕೂತಿದ್ದ. ಅವನೂ ನಗುತ್ತಿದ್ದವನು ನಗು ನಿಲ್ಲಿಸಿದ. ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ಎಲೆ ಅಡಿಕೆ ಹಾಕಿಕೊಳ್ಳುವವನ ಹಾಗೆ ಆಚೆ ತಿರುಗಿದ.

ಸಾಹುಕಾರರು ಬೇರೇನೂ ಉಳಿಯದೆ ಕೊನೆಯ ತಾನ ಹಿಡಿದರು. ಮೇಲಿನಿಂದ ಸರಸರನೆ ಇಳಿಸಿದರು. ಉಸಿರು ಸಾಲದೆ, ‘ಸ’ಕ್ಕೆ ಬರುವ ಮುಂಚೆ ನಿಂತರು.

ಕಂಬಳಿಯ ಒಳಗಿನಿಂದ ಎರಡು ಸ್ವರ ಇಳಿದವು, ಪಕ್ಕದಲ್ಲಿ ಕೂತ ನನಗೆ ಮಾತ್ರ ಕೇಳುವಷ್ಟು, ಟಗರಿಗೆ ಕೇಳುವಷ್ಟು.

ಟಗರು ಎದ್ದಿತು. ಮೈ ಕೊಡವಿತು. ಹೊಲದ ಸಾಲು ದಾಟಿ ನಮ್ಮ ಕಡೆಗೆ ಬರತೊಡಗಿತು. ಸಾಹುಕಾರರ ಕಣ್ಣು ದೊಡ್ಡವಾದವು. ಎಲ್ಲಿ ನಿಂತುಬಿಡುತ್ತದೋ ಎಂಬ ಹೆದರಿಕೆಯಿಂದ ಅವರು ಕೊಳಲನ್ನು ಮತ್ತೆ ತುಟಿಗೆ ಹಚ್ಚಿ, ಮೆತ್ತಗೆ, ಉದ್ದಕ್ಕೆ, ಒಂದು ‘ಸ’ ಊದಿದರು.

ನಾನು ಬರೆದದ್ದು ಹಾಗೆಯೇ.

“ನೋಡಿದ್ರೇನ್ರಿ ಮಾಸ್ತರ್ರ?” ಎಂದು ಕೂಗಿದರು ಸಾಹುಕಾರರು. “ಹೇಳ್ರಿ ಈಗ, ಬಂದದ್ದು ಯಾರ ಕೊಳಲಿಗೆ?”

ಕಂಬಳಿಯ ಒಳಗಿನಿಂದ ಒಂದು ಮೊಣಕೈ ನನ್ನ ಪಕ್ಕೆಗೆ ತಿವಿಯಿತು.

“ನಿಮ್ದಕ್ಕರಿ, ಸಾವ್ಕಾರ್ರ,” ಎಂದೆ.